ನನ್ನ ಬಾಣವನ್ನು ಊರಿಗೆಲ್ಲ ಹಂಚಿದ ದೂರಹಸ್ತರಿಗೆ

ಇವರಿಗೆ:
ಶ್ರೀಯುತ ದೂರಹಸ್ತ ಆ್ಯಪ್ ಅವರು,
ನನ್ನ ಫೋನಿನ ಎರಡನೆಯ ಪುಟ, ಟಾರ್ಚಿಗೂ ಹವಾಮಾನಕ್ಕೂ ನಡುವೆ.

ಇವರಿಂದ:
ವಾಚ್ ರಿಪೇರಿಯವನು,
ಏಳನೇ ಕೊಠಡಿ, ಸಂಜೆ ತರಗತಿ, ಕೌಶಲ ತರಬೇತಿ ಕೇಂದ್ರ.

ವಿಷಯ: ತಾವು ಎಲ್ಲರ ಮಾತನ್ನೂ ಕೇಳುತ್ತೀರೆಂಬ ಬಗ್ಗೆ ದೂರು.

ಮಾನ್ಯರೇ,

ಹತ್ತು ಮೀಟರ್ ದೂರದವರೆಗಿನ ಸಕಲ ಕಂಪ್ಯೂಟರುಗಳ ಮೇಲೆ ಅಧಿಕಾರವುಳ್ಳವರೂ, ತಂತಿಯ ಹಂಗಿಲ್ಲದೆ ಬ್ಲೂಟೂತಿನ ಬೆನ್ನೇರಿ ಗೋಡೆಗಳನ್ನು ದಾಟಬಲ್ಲವರೂ, ಮೂರು ವಾರಗಳಿಂದ ನನ್ನ ಅಂಗಿಯ ಜೇಬಿನಲ್ಲೇ ವಾಸವಾಗಿರುವವರೂ ಆದ ತಮಗೆ, ನಲವತ್ತೊಂದು ವರ್ಷಗಳಿಂದ ವಾಚ್ ರಿಪೇರಿ ಮಾಡಿಕೊಂಡು ಬಂದಿರುವ ಈ ಬಡಪಾಯಿಯ ಅನಂತ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ತಮ್ಮ ಹಸಿರು ದೀಪದಿಂದ ತಿಳಿದುಬಂದಿದೆ. ನಾನೂ ಕ್ಷೇಮವಾಗಿದ್ದೇನೆ. ಆದರೆ ಆ ಕ್ಷೇಮದಲ್ಲಿ ತಮ್ಮ ಪಾಲೆಷ್ಟು, ತಾವು ತಂದಿಟ್ಟ ಫಜೀತಿ ಎಷ್ಟು ಎಂಬುದನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳದಿದ್ದರೆ ನನಗೆ ಊಟ ಸೇರುವುದಿಲ್ಲವಾದ್ದರಿಂದ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ತಮಗೆ ಕೆಲಸ ಬಹಳ, ನನ್ನಂಥವರ ಹಿನ್ನೆಲೆ ನೆನಪಿರಲಾರದು. ಈ ಕೇಂದ್ರದ ಏಳನೇ ಕೊಠಡಿಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಸಂಜೆ ಹೊತ್ತು ವಾಚ್ ರಿಪೇರಿ ಕಲಿಸುತ್ತಿದ್ದೇನೆ. ಒಂದು ಕಾಲಕ್ಕೆ ಕೂರಲು ಜಾಗವಿಲ್ಲದೆ ಕಿಟಕಿಯಾಚೆ ನಿಂತು ಕಲಿತವರಿದ್ದರು. ಹೋದ ವರ್ಷ ಮೂವರಿದ್ದರು, ಅವರಲ್ಲೊಬ್ಬರು ಫ್ಯಾನಿನ ಗಾಳಿಗೋಸ್ಕರ ಬರುತ್ತಿದ್ದರೆಂದು ಫ್ಯಾನು ಕೆಟ್ಟ ಮೇಲೆ ತಿಳಿಯಿತು. ಹೀಗಾಗಿ ನಮ್ಮ ಪ್ರಾಂಶುಪಾಲೆಯವರು ಅತ್ಯಂತ ಮೃದುವಾದ ಭಾಷೆಯಲ್ಲಿ ನನಗೊಂದು ಪತ್ರ ಕೊಟ್ಟರು: ಪ್ರವೇಶ ದಿನದ ಸಂಜೆ ಐದು ಗಂಟೆಯೊಳಗೆ ದಾಖಲಾತಿ ಪುಸ್ತಕದಲ್ಲಿ ಹತ್ತು ಹೆಸರು ಬಂದರೆ ತರಗತಿ ಉಳಿಯುತ್ತದೆ. ಬಾರದಿದ್ದರೆ ಏಳನೇ ಕೊಠಡಿಗೂ ಎಂಟನೇ ಕೊಠಡಿಗೂ ನಡುವಿನ ಪ್ಲೈವುಡ್ ಗೋಡೆಯನ್ನು ಕಿತ್ತು ಎರಡನ್ನೂ ಸೇರಿಸಿ ಫೋನ್ ರಿಪೇರಿ ವಿಭಾಗಕ್ಕೆ ಕೊಡಲಾಗುತ್ತದೆ.

ಆ ಫೋನ್ ರಿಪೇರಿ ವಿಭಾಗದ ಶಿಕ್ಷಕಿ ಬೇರೆ ಯಾರೋ ಆಗಿದ್ದಿದ್ದರೆ ನಾನು ನಿಶ್ಚಿಂತೆಯಿಂದ ಹಗೆ ಸಾಧಿಸಬಹುದಿತ್ತು. ಆದರೆ ಅವಳು ನನ್ನ ಸೊಸೆ. ಹನ್ನೆರಡು ಜನರ ಕೋಣೆಯಲ್ಲಿ ಮೂವತ್ತು ಜನರನ್ನು ತುಂಬಿಕೊಂಡು ಪಾಠ ಮಾಡುವ ಅವಳಿಗೆ ಜಾಗ ನಿಜಕ್ಕೂ ಬೇಕಿತ್ತು. ಪತ್ರದ ಸುದ್ದಿ ತಿಳಿದ ದಿನ ಅವಳು ನನ್ನ ಮುಂದೆ ಬಂದು ಕೂತು "ಮಾವ, ಜಾಗ ಬೇಕು ನಿಜ, ಆದ್ರೆ ಅದು ನಿಮ್ಮನ್ನ ಎಬ್ಬಿಸಿ ಸಿಗೋದು ಬೇಡ" ಎಂದು ಹೇಳಿ, ಅಂದೇ ನನ್ನ ಫೋನಿನಲ್ಲಿ ತಮ್ಮನ್ನು ಪ್ರತಿಷ್ಠಾಪಿಸಿದಳು.

ತಮ್ಮ ಅಗತ್ಯವೇನಿತ್ತೆಂದರೆ, ನನ್ನ ಕೊಠಡಿಯಲ್ಲಿ ಕೆಲಸದ ಬೆಂಚು ಮುಂದಿದೆ, ಜೀವವಿರುವ ಒಂದೇ ಒಂದು ಪ್ಲಗ್ಗು ಹಿಂದಿದೆ. ವಾಚಿನೊಳಗಿನ ಸೂಕ್ಷ್ಮಗಳನ್ನು ಜನ ಕಾಣಲೆಂದು ಬೆಂಚಿನ ಮೇಲೊಂದು ಪುಟ್ಟ ಕ್ಯಾಮೆರಾ ಕೂರಿಸಿ, ಅದರ ವೈರನ್ನು ಹಿಂದಿನ ಕಂಪ್ಯೂಟರಿಗೆ ಎಳೆದು, ಅಲ್ಲಿಂದ ದೊಡ್ಡ ಪರದೆಗೆ ಚಿತ್ರ ಬೀಳುವಂತೆ ಸೊಸೆಯೇ ಏರ್ಪಾಡು ಮಾಡಿದ್ದಳು. ಪರದೆಯ ಎಡಭಾಗದಲ್ಲಿ ವಾಚು, ಬಲಭಾಗದಲ್ಲಿ ನಾನು ಟೈಪು ಮಾಡಿಟ್ಟ ಪಾಠದ ಟಿಪ್ಪಣಿ. ಚಿತ್ರವನ್ನು ಹಿಗ್ಗಿಸಬೇಕಾದಾಗಲೆಲ್ಲ ಚಿಮಟ ಕೆಳಗಿಟ್ಟು, ಕೊಠಡಿಯುದ್ದಕ್ಕೂ ನಡೆದು, ಮೌಸ್ ಹಿಡಿದು, ಮರಳಿ ಬರುವಷ್ಟರಲ್ಲಿ ಯಾವ ಸ್ಕ್ರೂ ಎಲ್ಲಿಟ್ಟೆನೆಂಬುದು ದೇವರಿಗೇ ಗೊತ್ತು. ತಾವಿದ್ದರೆ ಫೋನಿನ ಮೇಲೆ ಹೆಬ್ಬೆರಳಾಡಿಸಿದರೆ ಸಾಕು, ಹಿಂದಿನ ಕಂಪ್ಯೂಟರಿನ ಬಾಣ ವಿಧೇಯವಾಗಿ ಓಡಾಡುತ್ತದೆ.

ಮನೆಯಲ್ಲಿ ಅಭ್ಯಾಸ ಮಾಡಿದ ಆ ವಾರ ತಾವು ನನಗೆ ಕೊಟ್ಟ ಸುಖವನ್ನು ನಾನು ಮರೆತಿಲ್ಲ. ಸೋಫಾದಲ್ಲಿ ಒರಗಿಕೊಂಡು ಮೂಲೆಯ ಕಂಪ್ಯೂಟರನ್ನು ಕುಣಿಸಿದೆ, ಸ್ನಾನದ ಕೋಣೆಯಿಂದ ಅದರ ಹಾಡು ಬದಲಿಸಿದೆ, ನನ್ನಾಕೆ ಅದರಲ್ಲಿ ಹೊಲಿಗೆಯ ವಿಡಿಯೋ ನೋಡುತ್ತಿದ್ದಾಗ ಬಾಗಿಲ ಮರೆಯಿಂದ ನಿಲ್ಲಿಸಿ, ಓಡಿಸಿ, ಮತ್ತೆ ನಿಲ್ಲಿಸಿ ಖುಷಿಪಟ್ಟೆ. ಮೂರನೇ ಸಲಕ್ಕೆ ಅವಳು ತಿರುಗಿಯೂ ನೋಡದೆ "ಆಡ್ಕೊಳ್ಳಿ, ಈ ಮನೇಲಿ ನಿಮ್ಮ ಮಾತು ಕೇಳೋದು ಅದೊಂದೇ" ಎಂದಳು. ಅರವತ್ತನಾಲ್ಕನೇ ವಯಸ್ಸಿನಲ್ಲಿ ಒಬ್ಬರಾದರೂ ಮರುಮಾತಾಡದೆ ಹೇಳಿದ್ದನ್ನು ಕೇಳುತ್ತಾರೆಂಬ ಭಾಗ್ಯ ಎಷ್ಟು ಜನರಿಗಿದೆ? ತಮ್ಮ ಆ ನಿಷ್ಠೆ ನನ್ನೊಬ್ಬನಿಗೇ ಮೀಸಲೆಂದು ನಾನು ನಂಬಿಬಿಟ್ಟೆ ನೋಡಿ, ಅಲ್ಲೇ ಎಡವಿದ್ದು.

ಈಗ ಕೋಡಿನ ವಿಚಾರ. ನನ್ನ ಕೊಠಡಿಯ ಕಂಪ್ಯೂಟರಿಗೂ ತಮಗೂ ನಂಟು ಬೆಸೆಯುವಾಗ ನಾಲ್ಕು ಅಂಕಿಗಳ ಗುಟ್ಟಿನ ಸಂಖ್ಯೆಯೊಂದನ್ನು ಕೊಡಬೇಕೆಂದು ತಾವು ಕೇಳಿದಿರಿ. ಸೊಸೆ ನನ್ನತ್ತ ತಿರುಗಿ, ಮರೆಯದಂಥ ಒಂದು ನಂಬರು ಹೇಳಿ ಮಾವ ಎಂದಳು. ನಾನು ಒಂದು ಕ್ಷಣವೂ ಯೋಚಿಸದೆ ಹತ್ತು ಹತ್ತು ಎಂದೆ. ವಾಚಿನಂಗಡಿಗಳ ಗಾಜಿನ ಹಿಂದೆ ಸಾಲಾಗಿ ಕೂತ ವಾಚುಗಳನ್ನು ತಾವು ನೋಡಿದ್ದರೆ, ಅವೆಲ್ಲ ಹತ್ತು ಗಂಟೆ ಹತ್ತು ನಿಮಿಷವನ್ನೇ ತೋರಿಸುವುದನ್ನು ಗಮನಿಸಿರಬಹುದು. ಹಾಗಿಟ್ಟರೆ ಮುಳ್ಳುಗಳು ಎರಡೂ ಕಡೆ ಮೇಲಕ್ಕೆ ಚಾಚಿಕೊಂಡು, ನಡುವೆ ಕಂಪನಿಯ ಹೆಸರು ಕಾಣುತ್ತದೆ, ವಾಚು ನಕ್ಕ ಹಾಗಿರುತ್ತದೆ. ನಮ್ಮ ಕಸುಬಿನವರ ತಲೆಯಲ್ಲಿ ಬೇರೆ ಸಮಯವೇ ಇಲ್ಲ. ಅದನ್ನು ಗುಟ್ಟಿನ ಸಂಖ್ಯೆ ಮಾಡಿಕೊಳ್ಳುವುದೆಂದರೆ ಮನೆಯ ಕೀಲಿಯನ್ನು ಬಾಗಿಲಿಗೇ ನೇತುಹಾಕಿದ ಹಾಗೆಂದು ಆಗ ಹೊಳೆಯಲಿಲ್ಲ. ಸೊಸೆಗೆ ಆ ಸಂಖ್ಯೆ ಎಷ್ಟು ಹಿಡಿಸಿತೆಂದರೆ, ಪಕ್ಕದ ಎಂಟನೇ ಕೊಠಡಿಯ ತನ್ನ ಕಂಪ್ಯೂಟರಿಗೂ ಅದನ್ನೇ ಕೊಟ್ಟುಕೊಂಡಳು. ಅದಕ್ಕೆ ಸರಿಯಾಗಿ ನಮ್ಮ ಕೇಂದ್ರದ ಗುಮಾಸ್ತರು, ಸಮಾನತೆಯಲ್ಲಿ ಅಪಾರ ನಂಬಿಕೆಯುಳ್ಳವರಾದ್ದರಿಂದ, ಇಲ್ಲಿನ ಎಲ್ಲ ಕಂಪ್ಯೂಟರುಗಳಿಗೂ ತರಬೇತಿ ಕೇಂದ್ರ ಎಂಬ ಒಂದೇ ಹೆಸರಿಟ್ಟಿದ್ದರು.

ಪ್ರವೇಶ ದಿನ ಮಧ್ಯಾಹ್ನ ಮೂರು ಗಂಟೆಗೆ ನನ್ನ ಕೊಠಡಿಯಲ್ಲಿದ್ದ ಜನಸಾಗರವನ್ನು ತಾವು ಜೇಬಿನಲ್ಲಿದ್ದುದರಿಂದ ಕಂಡಿರಲಾರಿರಿ. ನನ್ನಾಕೆ ಇದ್ದಳು. ಗೋಪುರದ ಗಡಿಯಾರವನ್ನು ನೋಡಿಕೊಳ್ಳುವ, ನಾವೆಲ್ಲ ದೊಡ್ಡಮುಳ್ಳು ಎಂದು ಕರೆಯುವ ನನ್ನ ಹಳೆಯ ಗೆಳೆಯನಿದ್ದ. ತನ್ನ ವಾಚು ರಿಪೇರಿಯಾಯಿತೇ ಎಂದು ವಿಚಾರಿಸಲು ಬಂದ ಗಿರಾಕಿಯೊಬ್ಬರು, ಮತ್ತು ಶೌಚಾಲಯ ಎಲ್ಲಿದೆಯೆಂದು ಕೇಳಲು ಬಂದು ಸಂಕೋಚಕ್ಕೆ ಕೂತವರೊಬ್ಬರು ಇದ್ದರು. ದಾಖಲಾತಿ ಪುಸ್ತಕದಲ್ಲಿ ದೊಡ್ಡಮುಳ್ಳಿನ ಹೆಸರೊಂದು ಬಿದ್ದಿತ್ತು, ಕಸುಬು ಬಲ್ಲವರು ಕಲಿಯುವವರ ಲೆಕ್ಕಕ್ಕಿಲ್ಲವೆಂದು ಅದನ್ನೂ ಪ್ರಾಂಶುಪಾಲೆಯವರು ನಗುತ್ತಲೇ ಹೊಡೆದುಹಾಕಿದರು. ಪ್ಲೈವುಡ್ಡಿನಾಚೆ ಸೊಸೆಯ ಕೊಠಡಿಯಲ್ಲಿ ಮಾತ್ರ ಜಾತ್ರೆ. ಅವಳು ಅಂದು ಬಂದವರಿಗೆಲ್ಲ ಫೋನಿನಿಂದ ಕಂಪ್ಯೂಟರ್ ನಡೆಸುವುದನ್ನು ತೋರಿಸಲೆಂದು ಮೂವತ್ತು ಜನರ ಫೋನಿಗೂ ತಮ್ಮನ್ನೇ ಇಳಿಸಿಕೊಡುತ್ತಿದ್ದಳು.

ನಾನು ಪಾಠ ಶುರುಮಾಡಿದೆ. ಬೆಂಚಿನ ಮೇಲಿದ್ದದ್ದು ನನ್ನಾಕೆಯ ಪುಟ್ಟ ವಾಚು. ಅದು ನಿಂತು ಹನ್ನೊಂದು ವರ್ಷವಾಗಿತ್ತು. ಹನ್ನೊಂದು ವರ್ಷವೂ ನಾನು ನಾಳೆ ಮಾಡಿಕೊಡುತ್ತೇನೆ ಎಂದು ಹೇಳುತ್ತ ಬಂದಿದ್ದೆ, ಊರವರ ವಾಚುಗಳ ನಡುವೆ ಮನೆಯವಳ ನಾಳೆ ಬಂದೇ ಇರಲಿಲ್ಲ. ಆ ದಿನವಾದರೂ ಎಲ್ಲರೆದುರು ಅದನ್ನು ನಡೆಸಿ ತೋರಿಸಿ ಒಂದೇ ಏಟಿಗೆ ತರಗತಿಯನ್ನೂ ಮರ್ಯಾದೆಯನ್ನೂ ಉಳಿಸಿಕೊಳ್ಳುವ ಯೋಚನೆ ನನ್ನದು. ವಾಚಿನೊಳಗೆ ಎಡಕ್ಕೂ ಬಲಕ್ಕೂ ತೂಗಾಡುತ್ತಲೇ ಇರಬೇಕಾದ ಬ್ಯಾಲೆನ್ಸ್ ಚಕ್ರವನ್ನು ಚಿಮಟದಲ್ಲಿ ತೋರಿಸುತ್ತ, ಚಿತ್ರವನ್ನು ಹಿಗ್ಗಿಸಲು ಎಡಗೈಯಿಂದ ತಮ್ಮನ್ನು ಸವರಿದೆ.

ಬಾಣ ಬಲಕ್ಕೆ ಹೋಗಬೇಕಾದದ್ದು ಮೇಲಕ್ಕೆ ಹಾರಿತು. ಕೆಳಗೆಳೆದರೆ ಗಿರಗಿರನೆ ಸುತ್ತಿತು. ಚಿತ್ರವೇನೋ ಹಿಗ್ಗಿತು, ಆದರೆ ಚಕ್ರದ ಮೇಲಲ್ಲ, ಚಿಮಟ ಹಿಡಿದ ನನ್ನ ಹೆಬ್ಬೆರಳಿನ ಮೇಲೆ. ಸೀಳುಬಿಟ್ಟ ಉಗುರು, ಅದರಡಿಯ ಎಣ್ಣೆಯ ಕೊಳೆ, ಎಲ್ಲವೂ ಗೋಡೆಯಗಲಕ್ಕೆ ಬೆಳಗಿದವು. "ಉಗುರು ಕತ್ತರಿಸ್ಕೊಳ್ಳಿ ಅಂತ ಬೆಳಿಗ್ಗೇನೇ ಹೇಳಿದ್ದೆ" ಎಂದು ನನ್ನಾಕೆ ಸಭೆಗೆ ವಿವರಣೆ ಕೊಟ್ಟಳು. ಶೌಚಾಲಯದವರು ಮೊದಲ ಬಾರಿಗೆ ಆಸಕ್ತಿಯಿಂದ ಮುಂದಕ್ಕೆ ಬಾಗಿದರು.

ಅಷ್ಟಕ್ಕೇ ಬಿಟ್ಟಿರಾ? ಬಲಗಡೆ ನನ್ನ ಟಿಪ್ಪಣಿಯಲ್ಲಿ "ವಾಚಿನ ಹೃದಯವೆಂದು ಕರೆಯಬಹುದಾದ ಈ ಚಕ್ರವು" ಎಂಬ ಗಂಭೀರ ವಾಕ್ಯದ ಬೆನ್ನಿಗೇ, ಯಾರೂ ಕೀಬೋರ್ಡ್ ಮುಟ್ಟದೆ, "ಹಲೋ ಹಲೋ ಕಾಣಿಸ್ತಿದ್ಯಾ" ಎಂಬ ಅಕ್ಷರಗಳು ಮೂಡತೊಡಗಿದವು. ಅದರ ಹಿಂದೆ "ಮೇಡಂ ನಮ್ ಸ್ಕ್ರೀನಲ್ಲಿ ಏನೂ ಬರ್ತಿಲ್ಲ" ಎಂದೂ, "ಲೋ ನೀನು ಕೈ ತೆಗಿ, ನಾನ್ ಮಾಡ್ತೀನಿ" ಎಂದೂ, ಒಂದರ ಮೇಲೊಂದು ಬಿದ್ದವು. ನನ್ನ ಗಿರಾಕಿ ಕೈಮುಗಿದು ಎದ್ದು ನಿಂತರು. ದೊಡ್ಡಮುಳ್ಳು ತನ್ನ ಫೋನನ್ನು ಎರಡೂ ಕೈಗಳಿಂದ ಮೇಲೆತ್ತಿ ತೋರಿಸಿ, ತಾನು ನಿರಪರಾಧಿಯೆಂದು ಸಾರಿದ. ನಾನೂ ಪೆದ್ದನ ಹಾಗೆ ತಮ್ಮ ಮೂಲಕವೇ "ಕಾಣಿಸುತ್ತಿದೆ, ತಾವು ಯಾರು" ಎಂದು ಟೈಪು ಮಾಡಿದೆ. ಬರೆಯುತ್ತಿದ್ದವರಿಗೆ ನನ್ನ ಪರದೆಯೇ ಕಾಣದಿದ್ದ ಮೇಲೆ ನನ್ನ ಉತ್ತರ ಹೇಗೆ ಕಂಡೀತು?

ಒಂದೇ ಹೆಸರಿನ ಎರಡು ಕಂಪ್ಯೂಟರುಗಳು, ಒಂದೇ ಗುಟ್ಟಿನ ಸಂಖ್ಯೆ, ನಡುವೆ ಒಂದು ಪ್ಲೈವುಡ್ಡು. ಪಕ್ಕದ ಕೊಠಡಿಯ ಹುಡುಗ ಹುಡುಗಿಯರು ಪಟ್ಟಿಯಲ್ಲಿ ಮೊದಲು ಕಂಡ ತರಬೇತಿ ಕೇಂದ್ರವನ್ನು ಒತ್ತಿ, ಹತ್ತು ಹತ್ತು ಕೊಟ್ಟು, ನೇರವಾಗಿ ನನ್ನ ಪಾಠದೊಳಗೆ ಕಾಲಿಟ್ಟಿದ್ದರು. ತಾವಾದರೋ ಬಂದವರನ್ನೆಲ್ಲ ಬನ್ನಿ ಬನ್ನಿ ಎಂದು ಒಳಗೆ ಕರೆದುಕೊಂಡಿರಿ. ಬೀಗರ ಮನೆಯ ಮದುವೆಯಲ್ಲೂ ಅಷ್ಟು ಧಾರಾಳ ಕಾಣುವುದಿಲ್ಲ.

ಗೋಪುರದ ಮೇಲಿಂದ ಬೀದಿಯವರ ಜೊತೆ ಮಾತಾಡಿ ಅಭ್ಯಾಸವಿರುವ ದೊಡ್ಡಮುಳ್ಳು ಗೋಡೆಯತ್ತ ತಿರುಗಿ "ನೀವ್ ಆಡಿಸ್ತಿರೋದು ಇಲ್ಲಿ ಆಡ್ತಿದೆ ಕಣ್ರೋ!" ಎಂದು ಕೂಗಿದ. ಆಚೆ ಕುರ್ಚಿಗಳನ್ನು ಎಳೆದ ಸದ್ದಾಗಿ, ಮೂವತ್ತು ಜನ ಮೂವತ್ತು ಫೋನು ಹಿಡಿದು, ಏನನ್ನು ಆಡಿಸುತ್ತಿದ್ದೇವೆಂದು ನೋಡಲು ನನ್ನ ಕೊಠಡಿಗೆ ನುಗ್ಗಿದರು. ಹತ್ತೊಂಬತ್ತು ವರ್ಷದ ಅನುಭವದಲ್ಲಿ ನನ್ನ ತರಗತಿಗೆ ಓಡಿಬಂದವರನ್ನು ನಾನು ನೋಡಿದ್ದು ಅದೇ ಮೊದಲು.

ಸೊಸೆಯೂ ಓಡಿಬಂದಳು. ಒಂದು ಸಲ ಪರದೆ ನೋಡಿದಳು, ಒಂದು ಸಲ ನನ್ನನ್ನು ನೋಡಿದಳು, ಹಣೆ ಚಚ್ಚಿಕೊಂಡಳು. ಹಿಂದಿನ ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದ್ದರೆ ಆ ಮೂವತ್ತೂ ಜನರ ನಂಟು ಕಡಿದುಹೋಗುತ್ತಿತ್ತು, ಎಲ್ಲರೂ ಅವಳ ಹಿಂದೆ ವಾಪಸು ಹೋಗುತ್ತಿದ್ದರು, ಐದು ಗಂಟೆಗೆ ಎರಡೂ ಕೊಠಡಿಗಳು ಅವಳವಾಗುತ್ತಿದ್ದವು. ಗುಂಡಿಯ ಮೇಲೆ ಬೆರಳಿಟ್ಟವಳು ಹಾಗೇ ನಿಂತಳು. ಆಮೇಲೆ ಬೆರಳು ತೆಗೆದು "ಇರ್ಲಿ ಬಿಡಿ ಮಾವ, ನೀವು ಪಾಠ ಮಾಡಿ" ಎಂದು ಗೋಡೆಗೊರಗಿ ನಿಂತುಬಿಟ್ಟಳು. ಮಾನ್ಯರೇ, ತಮಗೆ ಯಾರ ಮಾತನ್ನು ಕೇಳಬೇಕೆಂಬ ವಿವೇಕವಿಲ್ಲದಿರಬಹುದು, ಆದರೆ ತಮ್ಮನ್ನು ನನ್ನ ಫೋನಿಗೆ ತಂದವಳಿಗೆ ಅದು ಎಷ್ಟಿದೆ ಎಂದು ಆ ದಿನ ಕಂಡೆ. ಅವಳ ಬಗ್ಗೆ ಒಂದು ವಾರ ಒಳಗೊಳಗೇ ಅನುಮಾನಪಟ್ಟದ್ದಕ್ಕೆ ನಾಚಿಕೆಯಾಯಿತು.

ಅಲ್ಲಿಂದ ಮುಂದೆ ಪಾಠ ಮಾಡಿದ್ದು ನಾನೋ ಆ ಬಾಣವೋ ಹೇಳಲಾರೆ. ಒಬ್ಬ ಬಾಣವನ್ನು ಹಲ್ಲುಗಾಲಿಯ ಮೇಲಿಟ್ಟು ಇದೇನು ಸಾರ್ ಎನ್ನುವನು, ನಾನು ಹೇಳುವಷ್ಟರಲ್ಲಿ ಇನ್ನೊಬ್ಬಳು ಅದನ್ನು ಸ್ಪ್ರಿಂಗಿನ ಮೇಲೆಳೆದು ಇದು ಕೂದಲಾ ಎನ್ನುವಳು. ಕೆಂಪು ಕಲ್ಲುಗಳು ನಿಜವಾದ ಕಲ್ಲುಗಳೇ, ಇಷ್ಟು ಸಣ್ಣ ಸ್ಕ್ರೂವಿಗೆ ಯಾರು ಗೀರು ಕೊರೆಯುತ್ತಾರೆ, ಬ್ಯಾಟರಿ ಎಲ್ಲಿ, ಬ್ಯಾಟರಿಯೇ ಇಲ್ಲದೆ ಹೇಗೆ! ಮೂವತ್ತು ಹೆಬ್ಬೆರಳುಗಳ ಎಳೆದಾಟದಲ್ಲಿ ಬಾಣ ಇಡೀ ವಾಚನ್ನು ಗಲ್ಲಿಗಲ್ಲಿಯಾಗಿ ಅಲೆಯಿತು. ನಾನು ಎರಡು ಗಂಟೆಯ ಭಾಷಣದಲ್ಲಿ ತೋರಿಸಬೇಕೆಂದಿದ್ದುದನ್ನೆಲ್ಲ ಅವರು ನನ್ನಿಂದ ಕಿತ್ತುಕೊಂಡರು. ನಾಲ್ಕು ಮೂವತ್ತೈದಕ್ಕೆ ನಾನು ಚಕ್ರವನ್ನು ಅದರ ಜಾಗದಲ್ಲಿ ಕೂರಿಸಿ, ಉಸಿರು ಬಿಗಿಹಿಡಿದು, ಕೀ ಕೊಟ್ಟು, ಚಿಮಟದ ತುದಿಯಿಂದ ಒಂದೇ ಒಂದು ಸಲ ಸೋಕಿಸಿದೆ. ಚಕ್ರ ತೂಗಿತು. ಹನ್ನೊಂದು ವರ್ಷದ ಮೇಲೆ, ಗೋಡೆಯಷ್ಟು ದೊಡ್ಡದಾಗಿ, ಎಡಕ್ಕೂ ಬಲಕ್ಕೂ ತೂಗಿತು. ಬಾಣ ಪರದೆಯ ನಡುವೆ ತಟ್ಟನೆ ನಿಂತಿತು, ಏಕೆಂದರೆ ಮೂವತ್ತು ಜನರೂ ಫೋನನ್ನು ಮರೆತಿದ್ದರು.

ನಾಲ್ಕು ಐವತ್ತರ ಹೊತ್ತಿಗೆ ಪುಸ್ತಕದಲ್ಲಿ ಒಂಬತ್ತು ಹೆಸರಿದ್ದವು. ನಾಲ್ಕು ಐವತ್ತೆರಡಕ್ಕೆ, ಎಲ್ಲರೂ ನೋಡುತ್ತಿದ್ದಂತೆ, ಚಕ್ರ ನಿಂತುಹೋಯಿತು.

ಪೆನ್ನು ಹಿಡಿದಿದ್ದ ಹತ್ತನೆಯವನು ಅದನ್ನು ಮೆಲ್ಲಗೆ ಕೆಳಗಿಟ್ಟ. ಪ್ರಾಂಶುಪಾಲೆಯವರು ಬಾಗಿಲಲ್ಲಿ ನಿಂತು, ನೋಡಲೂ ಆಗದೆ ನೋಡದಿರಲೂ ಆಗದೆ, ತಮ್ಮ ಮಣಿಕಟ್ಟನ್ನು ನೋಡಿಕೊಂಡರು. ದೊಡ್ಡಮುಳ್ಳು ನನ್ನ ಕಿವಿಯ ಬಳಿ ಬಂದು "ಬೇಕಾದ್ರೆ ಓಡಿಹೋಗಿ ಗೋಪುರದ ಗಡಿಯಾರಾನ ಹತ್ತು ನಿಮಿಷ ನಿಲ್ಸಲೇನೋ?" ಎಂದ. ಒಂದು ಕ್ಷಣ ಆಸೆಯಾಯಿತೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಜೀವಮಾನವಿಡೀ ಜನರ ಸಮಯ ಸರಿಮಾಡಿದವನು ನನಗೋಸ್ಕರ ಊರಿನ ಸಮಯ ಕೆಡಿಸಲಾರೆನೆಂದು ತಲೆಯಾಡಿಸಿದೆ. ವಾಚನ್ನು ಕೈಗೆತ್ತಿಕೊಂಡು ನನ್ನಾಕೆಯ ಕಡೆ ತಿರುಗಿ, ಬಾಯಿ ತೆರೆದರೆ ಅಭ್ಯಾಸಬಲದಿಂದ ನಾಳೆ ಎಂಬ ಮಾತೇ ಬಂತು.

ನನ್ನಾಕೆ ಎದ್ದಳು. ಸೆರಗು ಸರಿಮಾಡಿಕೊಂಡು ನೇರವಾಗಿ ದಾಖಲಾತಿ ಪುಸ್ತಕದ ಹತ್ತಿರ ಹೋದಳು. "ಇವರ ನಾಳೆಗೆ ಇನ್ನೂ ಹನ್ನೊಂದು ವರ್ಷ ಕಾಯೋದು ನನ್ ಕೈಲಾಗಲ್ಲ ಮೇಡಂ, ನಾನೇ ಕಲೀತೀನಿ" ಎಂದು ಪ್ರಾಂಶುಪಾಲೆಯವರಿಗೆ ಹೇಳಿ, ದಪ್ಪ ಅಕ್ಷರಗಳಲ್ಲಿ ಹತ್ತನೆಯ ಹೆಸರು ಬರೆದಳು. ಆಗ ನಾಲ್ಕು ಐವತ್ತೇಳು. ಕೊಠಡಿ ಬಿದ್ದುಹೋಗುವಂತೆ ಚಪ್ಪಾಳೆ ಬಿತ್ತು, ತಮ್ಮ ಬಾಣವೂ ಪರದೆಯ ಮೇಲೆ ಹುಚ್ಚೆದ್ದು ಕುಣಿಯಿತು. ಪೆನ್ನು ಕೆಳಗಿಟ್ಟವನು ನಾಚಿಕೊಂಡು ಹನ್ನೊಂದನೆಯವನಾದ. ಪ್ಲೈವುಡ್ ಗೋಡೆ ಉಳಿಯಿತು. ಅದರಲ್ಲೊಂದು ಬಾಗಿಲು ಕೊರೆಸಿ, ಬೆಳಿಗ್ಗೆ ನನ್ನ ಖಾಲಿ ಕೊಠಡಿಯನ್ನು ಸೊಸೆ ಬಳಸಿಕೊಳ್ಳಬೇಕೆಂದು ನಾನೇ ಅರ್ಜಿ ಬರೆದುಕೊಟ್ಟಿದ್ದೇನೆ.

ಆದ್ದರಿಂದ ಮಾನ್ಯರೇ, ನನ್ನ ತರಗತಿ ಉಳಿದದ್ದು ತಮ್ಮ ಅವಿಧೇಯತೆಯಿಂದಲೇ ಎಂದು ಜನ ಆಡಿಕೊಳ್ಳುತ್ತಿದ್ದಾರೆ. ಇದು ನನಗೆ ಸಹಿಸಲಾಗದ್ದು. ದೂರು ಕೊಡಲು ಹೊರಟವನು ಸನ್ಮಾನ ಮಾಡಬೇಕಾಗಿ ಬಂದರೆ ಅವನ ಗತಿಯೇನು? ತಮಗೆ ಹಾರ ಹಾಕೋಣವೆಂದರೆ ಕೊರಳಿಲ್ಲ, ಶಾಲು ಹೊದಿಸೋಣವೆಂದರೆ ಹೆಗಲಿಲ್ಲ. ಹಾಗಾಗಿ ಕೆಲವು ಸಣ್ಣಪುಟ್ಟ ಬಿನ್ನಹಗಳನ್ನಷ್ಟೇ ಮಂಡಿಸುತ್ತೇನೆ. ಇನ್ನು ಮುಂದೆ ಎರಡು ಹೆಬ್ಬೆರಳುಗಳು ಒಟ್ಟಿಗೆ ಅಪ್ಪಣೆ ಕೊಟ್ಟರೆ ವಯಸ್ಸಿನಲ್ಲಿ ಹಿರಿಯದ್ದು ಯಾವುದೆಂದು ವಿಚಾರಿಸಿ ನಡೆದುಕೊಳ್ಳಬೇಕು. ವಾಚು ಕೊಟ್ಟು ಮೂರು ವರ್ಷವಾದರೂ ಒಯ್ಯದ ಗಿರಾಕಿಗಳು ಅಂಗಡಿಯ ಹತ್ತು ಮೀಟರಿನೊಳಗೆ ಹಾದುಹೋದರೆ, ಅವರ ಕಾಲುಗಳಿಗೂ ಕೋಡು ಕೊಟ್ಟು ಒಳಗೆಳೆದು ತರಬೇಕು. ನಾನು ಹೊರಗಿದ್ದಾಗ ಬಾಯಿಗೆ ಬರುವ ನಾಳೆ ಎಂಬ ಮಾತನ್ನು ಮನೆ ತಲುಪುವ ಮುಂಚೆ ಇಂದು ಎಂದು ತಿದ್ದಿ ರವಾನಿಸಬೇಕು. ಮತ್ತು ದಯವಿಟ್ಟು, ಈ ಪತ್ರ ಟೈಪು ಮಾಡುತ್ತಿರುವ ಈ ಹೊತ್ತಿನಲ್ಲೇ "ತಮ್ಮ ನಡತೆಯನ್ನು ಉಗ್ರವಾಗಿ ಖಂಡಿಸುತ್ತೇನೆ" ಎಂಬ ನನ್ನ ಸಾಲನ್ನು ಮೂರು ಸಲ ಅಳಿಸಿಹಾಕಿದ ಆ ಇನ್ನೊಂದು ಬಾಣ ಯಾರದೆಂದು ನನಗೆ ತಿಳಿಸಬೇಕಾಗಿಲ್ಲ. ಅಡುಗೆಮನೆಯಿಂದ ನಗು ಕೇಳಿಸಿತು, ಸಾಲು ಹೋಗಲಿ ಬಿಡಿ.

ತಮ್ಮ ಬ್ಯಾಟರಿ ಎಂದೂ ಇಳಿಯದಿರಲಿ ಎಂದು ಹಾರೈಸುತ್ತ, ಹತ್ತು ಮೀಟರಿನ ಒಳಗೇ ಸದಾ ಇರಬಯಸುವ

ತಮ್ಮ ವಿಶ್ವಾಸಿ,
ಏಳನೇ ಕೊಠಡಿಯ ವಾಚ್ ರಿಪೇರಿಯವನು

ಮರೆತ ಮಾತು: ಸೋಮವಾರ ಮೊದಲ ತರಗತಿ ನಡೆಯಿತು. ಆ ವಾಚು ಹದಿನೇಳು ನಿಮಿಷ ನಡೆದು ಯಾಕೆ ನಿಂತಿತೆಂಬುದೇ ಪಾಠ. ಹತ್ತನೆಯ ವಿದ್ಯಾರ್ಥಿನಿ ಮೊದಲ ಸಲ ಚಿಮಟ ಹಿಡಿದು, ಹಲ್ಲುಗಾಲಿಯ ಸಂದಿನಿಂದ ಸಣ್ಣ ಚೂರೊಂದನ್ನು ಎತ್ತಿ ಕ್ಯಾಮೆರಾದ ಕೆಳಗಿಟ್ಟಳು. ಅದು ನನ್ನ ಹೆಬ್ಬೆರಳಿನ ಉಗುರಿನ ಚೂರು. ವಾಚು ಈಗ ಅವಳ ಕೈಯಲ್ಲಿ ಸರಿಯಾಗಿ ನಡೆಯುತ್ತಿದೆ, ನಾನು ಮನೆಗೆ ತಡವಾಗಿ ಬಂದರೆ ನಿಮಿಷ ಸಮೇತ ಹೇಳುತ್ತಾಳೆ. ಆದರೆ ಆ ಉಗುರನ್ನು ಹನ್ನೊಂದು ಜನರೆದುರು ಮತ್ತೊಮ್ಮೆ ಗೋಡೆಯಗಲಕ್ಕೆ ಹಿಗ್ಗಿಸುವ ಅಗತ್ಯವಿತ್ತೇ? ಎಲ್ಲರ ಮಾತನ್ನೂ ಕೇಳುವ ತಾವು, ಬೇಡ ಬೇಡ ಎಂದು ನಾನು ಸವರಿದ್ದನ್ನು ಮಾತ್ರ ಯಾಕೆ ಕೇಳಲಿಲ್ಲ?